ಹೇಳದ ಕೋರಿಕೆ

ಬೆಳಗಿನ ಐದೂಮುಕ್ಕಾಲಿಗೆ ಲೋವೆಲ್ ಸ್ಟಟ್ಸ್‌ಮನ್ ಸ್ಟುಡಿಯೋದ ದೀಪ ಹಾಕಿದಾಗ ಮೈಕಿನ ಕತ್ತಿಗೆ ಒಂದು ಹಳದಿ ಚೀಟಿ ಅಂಟಿಕೊಂಡಿತ್ತು. ಅದರಲ್ಲಿ ಮೂರೇ ಸಾಲು ಇದ್ದವು.

"ಇವತ್ತು ಸಂಜೆ ನಾಲ್ಕಕ್ಕೆ ಮಂಡಳಿಯವರು ನಿಮ್ಮನ್ನು ಕಾಣಬೇಕೆಂದಿದ್ದಾರೆ. ದಯವಿಟ್ಟು ಬನ್ನಿ. ಗಾಬರಿಯಾಗಬೇಡಿ. — ಮರ್ಲ್."

ಮೊದಲಿನ ಎರಡು ಸಾಲು ಓದುವವರೆಗೂ ಲೋವೆಲ್‌ಗೆ ಗಾಬರಿಯಾಗಿರಲಿಲ್ಲ. ಮೂರನೆಯದನ್ನು ಓದಿದ ಮೇಲೆ ಕೈಯಲ್ಲಿದ್ದ ಕಾಫಿಯನ್ನು ಮೇಜಿನ ಮೇಲಿಡಬೇಕಾಯಿತು.

ಮರ್ಲ್ ಹೋಸ್ಟೆಟ್ಲರ್ ಆ ರೇಡಿಯೋ ಕೇಂದ್ರದ ಮಂಡಳಿಯ ಅಧ್ಯಕ್ಷ. ಊರಿನಲ್ಲಿ ಟ್ರ್ಯಾಕ್ಟರ್ ಮಾರುತ್ತಿದ್ದ ಸಜ್ಜನ. ಹನ್ನೊಂದು ವರ್ಷಗಳಲ್ಲಿ ಅವನು "ಗಾಬರಿಯಾಗಬೇಡಿ" ಎಂದು ಬರೆದದ್ದು ಎರಡೇ ಸಲ. ಒಮ್ಮೆ ರಾತ್ರಿ ಕಾರ್ಯಕ್ರಮ ನಡೆಸುವವನಿಗೆ. ಮರುದಿನದಿಂದ ಆ ಕಾರ್ಯಕ್ರಮವನ್ನು ಕಂಪ್ಯೂಟರ್ ನಡೆಸತೊಡಗಿತು, ಅವನು ಈಗ ಹೆದ್ದಾರಿಯ ಪಕ್ಕದ ಅಂಗಡಿಯಲ್ಲಿ ಹಾಸಿಗೆ ಮಾರುತ್ತಿದ್ದಾನೆ. ಇನ್ನೊಮ್ಮೆ ನೆಲ ಒರೆಸುವವಳಿಗೆ. ಅವಳು ಎಲ್ಲಿದ್ದಾಳೋ ಯಾರಿಗೂ ಗೊತ್ತಿಲ್ಲ.

ಓಹಾಯೋದ ಬೆಥೆಲ್ ಕಾರ್ನರ್ಸ್ ಊರಿನಲ್ಲಿ, ಮುಚ್ಚಿಹೋದ ಕಾರ್ಪೆಟ್ ಅಂಗಡಿಯೊಂದರ ಹಿಂಬದಿಯಲ್ಲಿ ಎಂಬರ್ ರೇಡಿಯೋ ನಡೆಯುತ್ತಿತ್ತು. ಹದಿಮೂರರಿಂದ ಇಪ್ಪತ್ತೈದರ ಒಳಗಿನವರಿಗಾಗಿ ದಿನವಿಡೀ ಯೇಸುವಿನ ರಾಕ್, ಯೇಸುವಿನ ಹಿಪ್ ಹಾಪ್. ಗಿಟಾರಿನ ಅಬ್ಬರ ಕೇಳಿದರೆ ಅಜ್ಜಿಯರು ಎದೆ ಹಿಡಿದುಕೊಳ್ಳುತ್ತಿದ್ದರು. ಸಾಹಿತ್ಯ ಮಾತ್ರ ಕೀರ್ತನೆಗಳ ಪುಸ್ತಕದ್ದೇ ಇರುತ್ತಿದ್ದುದರಿಂದ ಯಾರೂ ಬಾಯಿ ತೆರೆಯುವಂತಿರಲಿಲ್ಲ. ಬೆಳಗಿನ ಆರರಿಂದ ಹತ್ತರವರೆಗೆ ಆ ಹುಡುಗ ಹುಡುಗಿಯರನ್ನು ಎಬ್ಬಿಸಿ, ನಗಿಸಿ, ಶಾಲೆಗೆ ಕಳುಹಿಸುತ್ತಿದ್ದವನು 'ಜೀಕ್'. ಜಾಲತಾಣದಲ್ಲಿ ಜೀಕ್‌ನ ಭಾವಚಿತ್ರದ ಜಾಗದಲ್ಲಿ ಹಿಂದುಮುಂದಾಗಿ ಹಾಕಿದ ಒಂದು ಟೋಪಿ ಮಾತ್ರ ಇತ್ತು. ಟೋಪಿಯ ಕೆಳಗೆ ಮುಖ ಇರಲಿಲ್ಲ. ಇಡದೇ ಇದ್ದದ್ದಕ್ಕೆ ಕಾರಣವಿತ್ತು. ಜೀಕ್ ಎಂದರೆ ಲೋವೆಲ್. ಲೋವೆಲ್‌ಗೆ ಐವತ್ತಾರು ವರ್ಷ. ಕೂದಲು ಉದುರಿ, ಹೊಟ್ಟೆ ಬೆಳೆದು, ಮಂಡಿ ನೋಯತೊಡಗಿದ್ದರೂ ಗಂಟಲು ಮಾತ್ರ ಇಪ್ಪತ್ತೆರಡಕ್ಕೇ ನಿಂತುಬಿಟ್ಟಿತ್ತು.

ಹಿಂದಿನ ವಾರವಷ್ಟೇ ಮರ್ಲ್ ಒಬ್ಬ ತರುಣನನ್ನು ಕರೆತಂದು ಕೇಂದ್ರವನ್ನೆಲ್ಲ ತೋರಿಸಿದ್ದ. ಅವನ ಹೆಸರು ಜ್ಯಾಕ್ಸನ್. ಮಂಡಿಯ ಬಳಿ ಹರಿದ ಪ್ಯಾಂಟು, ಮೂಗಿನಲ್ಲಿ ಸಣ್ಣ ಉಂಗುರ, ಮೊಣಕೈ ಮೇಲೆ ಹಸಿರು ಶಾಯಿಯ ಶಿಲುಬೆ. ಅವನು ಲೋವೆಲ್‌ನ ಕುರ್ಚಿಯಲ್ಲಿ ಕೂತು ಎರಡು ಸುತ್ತು ತಿರುಗಿ, "ಕುರ್ಚಿ ಚೆನ್ನಾಗಿದೆ" ಎಂದಿದ್ದ. ಆಗ ಲೋವೆಲ್‌ಗೆ ಏನೂ ಅನ್ನಿಸಿರಲಿಲ್ಲ. ಈಗ ಚೀಟಿ ಹಿಡಿದುಕೊಂಡು ಅದೇ ಕುರ್ಚಿಯಲ್ಲಿ ಕೂತಾಗ ಅದು ಬಿಸಿ ಹೆಂಚಿನಂತೆ ಸುಟ್ಟಿತು.

ಈ ಕೆಲಸ ಹೋದರೆ ಮುಂದೇನು? ಐವತ್ತಾರನೆಯ ವಯಸ್ಸಿನಲ್ಲಿ ಇಪ್ಪತ್ತೆರಡರ ದನಿಯನ್ನು ಯಾರಿಗೆ ಮಾರುವುದು?

ಏಳು ಇಪ್ಪತ್ತಕ್ಕೆ ಪ್ರಾರ್ಥನೆಯ ಹೊತ್ತು. ಕೇಳುಗರು ಹಿಂದಿನ ದಿನ ಕಳಿಸಿದ ಕೋರಿಕೆಗಳನ್ನು ಜೀಕ್ ಒಂದೊಂದಾಗಿ ಓದಿ, ಎಲ್ಲರ ಪರವಾಗಿ ಪ್ರಾರ್ಥಿಸುತ್ತಿದ್ದ. ಅವತ್ತು ಕ್ಲೋಯಿಯ ರೇಖಾಗಣಿತದ ಪರೀಕ್ಷೆ ಇತ್ತು, ಬ್ರೈಸನ್‌ನ ನಾಯಿಯ ಮುರಿದ ಕಾಲಿತ್ತು, ಚರ್ಚಿನ ವ್ಯಾನಿನ ಎಂಜಿನ್ ಇತ್ತು. ಮೂರನ್ನೂ ಓದಿದ ಲೋವೆಲ್ ಒಂದು ಗಳಿಗೆ ತಡೆದ. ಹೆದರಿದವನ ಬಾಯಿ ಅವನ ಮಾತು ಕೇಳುವುದಿಲ್ಲ.

"ಇನ್ನೊಂದಿದೆ ಫ್ರೆಂಡ್ಸ್," ಎಂದ. "ಹೇಳದ ಕೋರಿಕೆ. ಅದು ನನ್ನದು."

ಆ ಕಡೆಯ ಚರ್ಚುಗಳಲ್ಲಿ ಬಾಯಿಬಿಟ್ಟು ಹೇಳಲಾಗದ ಕಷ್ಟವಿದ್ದರೆ ಕೈ ಎತ್ತಿ "ಹೇಳದ ಕೋರಿಕೆ" ಎಂದರೆ ಸಾಕು, ಎಲ್ಲರೂ ಅದಕ್ಕಾಗಿ ಪ್ರಾರ್ಥಿಸುತ್ತಾರೆ. ಏನು ಎತ್ತ ಎಂದು ಕೇಳುವುದು ಅಪಚಾರ. ಊಹಿಸುವುದನ್ನು ಮಾತ್ರ ಯಾವ ಪಾಸ್ಟರೂ ಪಾಪ ಎಂದು ಸಾರಿಲ್ಲ.

ಎಂಟು ಗಂಟೆಗೆ ಕೇಂದ್ರದ ಟೆಲಿಫೋನ್ ನೋಡಿಕೊಳ್ಳುವ ವಾಂಡಾ ಬಂದಳು. ಲೋವೆಲ್‌ಗಿಂತ ಏಳು ವರ್ಷ ದೊಡ್ಡವಳು, ವಿಧವೆ, ಊರಿನ ಪ್ರಾರ್ಥನಾ ಸರಪಳಿಯ ಮೊದಲ ಕೊಂಡಿ. ಅವಳ ಮೇಜಿನ ಗಾಜಿನಡಿ ನಲವತ್ತೊಂದು ಹೆಸರುಗಳ ಪಟ್ಟಿ ಇತ್ತು. ಯಾರಿಗಾದರೂ ಕಷ್ಟ ಬಂದರೆ ಅವಳು ಮೊದಲ ಹೆಸರಿನವಳಿಗೆ ಫೋನ್ ಮಾಡುತ್ತಾಳೆ, ಅವಳು ಎರಡನೆಯವಳಿಗೆ, ಅವಳು ಮೂರನೆಯವಳಿಗೆ. ಕೇಳಿದ್ದನ್ನು ಕೇಳಿದಷ್ಟೇ ದಾಟಿಸಬೇಕು ಎಂಬುದು ನಿಯಮ. ಆ ನಿಯಮವನ್ನು ಯಾರೂ ಗೊತ್ತಿದ್ದು ಮುರಿದದ್ದಿಲ್ಲ.

ಹಾಡಿನ ನಡುವೆ ಅವಳು ಸದ್ದಿಲ್ಲದೆ ಸ್ಟುಡಿಯೋದೊಳಗೆ ಬಂದಳು. "ಲೋವೆಲ್, ಕೂತ್ಕೋ," ಎಂದಳು.

"ಕೂತೇ ಇದೀನಲ್ಲ ವಾಂಡಾ."

"ಹಾಂ, ಎದ್ದೇಳ್ಬೇಡ ಅಂದೆ. ನಾನೇನೂ ಕೇಳಲ್ಲಪ್ಪ. ಕೇಳೋದು ತಪ್ಪು." ಅವಳು ಅವನ ಮುಖವನ್ನು, ಕುತ್ತಿಗೆಯನ್ನು, ಉಗುರುಗಳನ್ನು ದಿಟ್ಟಿಸಿದಳು. "ರಾತ್ರಿ ನಿದ್ದೆ ಬರುತ್ತಾ?"

"ಬರುತ್ತೆ."

"ಊಟ ಸೇರುತ್ತಾ?"

"ಸೇರುತ್ತೆ."

"ಹಾಗಿದ್ರೆ ಇನ್ನೂ ಶುರು ಅಷ್ಟೆ," ಎಂದು ನಿಟ್ಟುಸಿರು ಬಿಟ್ಟು ಹೊರಗೆ ಹೋದಳು.

ಎಂಟೂ ನಲವತ್ತಕ್ಕೆ ಮಕೆನ್ಜಿ ಎಂಬವಳು ಫೋನ್ ಮಾಡಿದಳು. ವಾರಕ್ಕೆ ಮೂರು ಸಲ ಒಂದೇ ಹಾಡು ಕೇಳುವ ಹುಡುಗಿ. ಅವತ್ತು ಹಾಡು ಕೇಳಲಿಲ್ಲ.

"ಜೀಕ್, ನಿಂಗೆ ಹಾರ್ಟಂತೆ?"

"ಯಾರು ಹೇಳಿದ್ದು?"

"ನಮ್ಮತ್ತೆ. ಅವ್ರಿಗೆ ಇನ್ಯಾರೋ ಹೇಳಿದ್ರಂತೆ. ಇಪ್ಪತ್ತೆರಡು ವರ್ಷಕ್ಕೇ ಹೀಗಾಗೋದು ಅನ್ಯಾಯ ಕಣೋ. ನಮ್ಮ ಕ್ಲಾಸಿನ ಹುಡುಗ್ರು ನಿನ್ ಮೇಲೆ ಒಂದು ರ‍್ಯಾಪ್ ಕಟ್ತಿದಾರೆ. 'ಸ್ವರ್ಗದಲ್ಲೂ ಸ್ಟುಡಿಯೋ ಇದೆ ಬ್ರೋ' ಅಂತ ಶುರುವಾಗುತ್ತೆ."

ಲೋವೆಲ್ ಫೋನ್ ಇಟ್ಟು ಎದೆಯ ಮೇಲೆ ಕೈ ಇಟ್ಟುಕೊಂಡ. ಅದು ಹೊಡೆದುಕೊಳ್ಳುತ್ತಿತ್ತು, ನಿಜ. ಚೀಟಿ ಓದಿದಾಗಿನಿಂದಲೂ ಹಾಗೇ ಹೊಡೆದುಕೊಳ್ಳುತ್ತಿತ್ತು.

ಒಂಬತ್ತೂಕಾಲಿಗೆ ಪಕ್ಕದ ಕಟ್ಟಡದವಳು ಕೋಳಿ ಸಾರು ತಂದುಕೊಟ್ಟಳು. ತಿಂಡಿ ತಿಂದಿರಲಿಲ್ಲವಾದ್ದರಿಂದ ಲೋವೆಲ್ ಅದನ್ನು ಕುಡಿದ. ಸಾರಿಗೆ ಹೆದರಬೇಕಾದ್ದಿಲ್ಲ. ಬೆಥೆಲ್ ಕಾರ್ನರ್ಸ್‌ನಲ್ಲಿ ಯಾರ ಮನೆಗೆ ಯಾವ ಪಾತ್ರೆ ಹೋಗುತ್ತದೆ ಎಂಬುದಕ್ಕೆ ಲೆಕ್ಕವಿದೆ. ನೆಗಡಿ ಜ್ವರಕ್ಕೆ ಕೋಳಿ ಸಾರು. ಹೆರಿಗೆಗೆ, ಆಪರೇಷನ್ನಿಗೆ ಒಲೆಯಲ್ಲಿಟ್ಟು ಬೇಯಿಸಿದ ನೂಡಲ್ಸು. ಆಲೂಗಡ್ಡೆಗೆ ಚೀಸ್ ಸುರಿದು, ಮೇಲೆ ಪುಡಿಮಾಡಿದ ಕಾರ್ನ್‌ಫ್ಲೇಕ್ಸ್ ಉದುರಿಸಿ, ಹೊಂಬಣ್ಣ ಬರುವಂತೆ ಬೇಯಿಸಿದ ಪಾತ್ರೆ ಮಾತ್ರ ಒಂದೇ ಒಂದು ಸಂದರ್ಭಕ್ಕೆ. ಅದನ್ನು ಶವಸಂಸ್ಕಾರದ ಊಟಕ್ಕೆ ಬಿಟ್ಟರೆ ಬೇರೆ ಯಾವುದಕ್ಕೂ ಮಾಡುವುದಿಲ್ಲ.

ಹತ್ತೂವರೆಗೆ ನೂಡಲ್ಸಿನ ಮೂರು ಪಾತ್ರೆಗಳು ಬಂದವು. ಒಂದೊಂದರ ತಳದಲ್ಲೂ ಅಂಟುಪಟ್ಟಿಯ ಮೇಲೆ ಒಡತಿಯ ಹೆಸರು ಬರೆದಿತ್ತು, ಪಾತ್ರೆ ಮರಳಿ ಬರಬೇಕಲ್ಲ. ವಾಂಡಾ ಅವನ್ನು ಫ್ರಿಜ್ಜಿನಲ್ಲಿ ಪೇರಿಸಿಟ್ಟಳು.

ಕಾರ್ಯಕ್ರಮ ಮುಗಿದ ಮೇಲೆ ಲೋವೆಲ್‌ಗೆ ಮರುದಿನದ ಜಾಹೀರಾತುಗಳ ಧ್ವನಿಮುದ್ರಣ ಇರುತ್ತಿತ್ತು. ಹನ್ನೊಂದೂ ಹತ್ತಕ್ಕೆ ಅದನ್ನು ನಿಲ್ಲಿಸಿ ಹೆಂಡತಿಯ ಫೋನ್ ಎತ್ತಿಕೊಳ್ಳಬೇಕಾಯಿತು. ಗ್ಲೆನ್ನಾ ಪ್ರಾಥಮಿಕ ಶಾಲೆಯಲ್ಲಿ ಅಡುಗೆಯವಳು.

"ಲೋವೆಲ್, ನಿಜ ಹೇಳು. ಎರಡನೇ ಕ್ಲಾಸಿನ ಟೀಚರ್ ಬಂದು ನನ್ನ ತಬ್ಕೊಂಡು, ಧೈರ್ಯ ತಂದ್ಕೋ ಅಂದ್ಲು. ಅವಳ ಹಿಂದೇನೇ ಗ್ರಂಥಪಾಲಕಿ ಬಂದು, ಗಂಡನ್ನ ಬಿಟ್ಟು ಹೋಗ್ಬೇಡ, ಇನ್ನೊಂದ್ಸಲ ಯೋಚನೆ ಮಾಡು ಅಂದ್ಲು. ನಿನಗೆ ಹಾರ್ಟೋ, ಇಲ್ಲಾ ನಾನು ನಿನ್ನ ಬಿಟ್ಟು ಹೋಗ್ತಿದೀನೋ? ಎರಡರಲ್ಲಿ ಯಾವುದಕ್ಕೆ ಅಳ್ಬೇಕು ಬೇಗ ಹೇಳು. ನೂರಾ ಎಂಬತ್ತು ಮಕ್ಕಳಿಗೆ ಬಡಿಸೋದಿದೆ."

ಲೋವೆಲ್ ಚೀಟಿಯ ವಿಷಯ ಹೇಳಿದ. ಜ್ಯಾಕ್ಸನ್‌ನ ವಿಷಯ ಹೇಳಿದ. ಅವನು ಕುರ್ಚಿಯಲ್ಲಿ ಎರಡು ಸುತ್ತು ತಿರುಗಿದ್ದನ್ನೂ ಬಿಡಲಿಲ್ಲ.

"ದಡ್ಡ," ಎಂದಳು ಗ್ಲೆನ್ನಾ. "ಕೆಲಸ ಉಳಿಸು ಅಂತ ದೇವರನ್ನ ಕೇಳೋಕೆ ಹೋಗಿ, ನಿನಗೆ ಕಾಯಿಲೆ ಅಂತ ಊರಿಗೆಲ್ಲ ಡಂಗುರ ಹೊಡೆಸಿದೀಯ. ವಯಸ್ಸಾದೋನನ್ನಾದ್ರೂ ಇಟ್ಕೊಂಡಾರು. ವಯಸ್ಸಾಗಿ ಕಾಯಿಲೆನೂ ಇರೋನನ್ನ ಯಾರು ಇಟ್ಕೋತಾರೆ? ಮರ್ಲ್‌ಗೆ ಒಂದು ನೆಪ ಬೇಕಿತ್ತು, ನೀನೇ ತಟ್ಟೇಲಿಟ್ಟು ಕೊಟ್ಟೆ."

"ಈಗ ಏನ್ಮಾಡ್ಲಿ?"

"ನಾಲ್ಕು ಗಂಟೆಯೊಳಗೆ ನೀನು ಗುಂಡುಕಲ್ಲಿನ ಹಾಗಿದೀಯ ಅಂತ ಇಡೀ ಊರಿಗೆ ಗೊತ್ತಾಗ್ಬೇಕು. ಡಾಕ್ಟರ್ ಬಾಯಲ್ಲೇ ಹೇಳಿಸು." ಸ್ವಲ್ಪ ತಡೆದು, ದನಿ ಮೆತ್ತಗೆ ಮಾಡಿ ಹೇಳಿದಳು: "ಗಾಬರಿ ಆಗ್ಬೇಡ."

ಲೋವೆಲ್‌ನ ಎದೆ ಇನ್ನಷ್ಟು ಜೋರಾಗಿ ಹೊಡೆದುಕೊಂಡಿತು.

ಹನ್ನೆರಡಕ್ಕೆ ಸರಿಯಾಗಿ ಮರ್ಲ್‌ನ ಹೆಂಡತಿ ವರ್ನಾ ಬಂದಳು. ಕಣ್ಣು ಕೆಂಪಾಗಿದ್ದವು. ಕೈಯಲ್ಲಿ ಕೈಗವಸು, ಕೈಗವಸಿನಲ್ಲಿ ಗಾಜಿನ ಪಾತ್ರೆ, ಪಾತ್ರೆಯ ಮೇಲೆ ಬೆಳ್ಳಿ ಬಣ್ಣದ ಹಾಳೆ. ಲೋವೆಲ್ ಹಾಳೆಯ ಒಂದು ಅಂಚನ್ನು ಎತ್ತಿ ನೋಡಿದ. ಹೊಂಬಣ್ಣದ ಕಾರ್ನ್‌ಫ್ಲೇಕ್ಸ್. ಅದರಡಿ ಗುಳ್ಳೆ ಗುಳ್ಳೆಯಾಗಿ ಕುದಿಯುತ್ತಿದ್ದ ಚೀಸ್.

ತನ್ನ ತಿಥಿಯ ಊಟವನ್ನು ತಾನೇ ಬಿಸಿಬಿಸಿಯಾಗಿ ಕೈಗೆ ತೆಗೆದುಕೊಂಡವರು ಊರಿನ ಚರಿತ್ರೆಯಲ್ಲಿ ಯಾರೂ ಇರಲಿಲ್ಲ.

"ಬಿಸಿ ಇರೋವಾಗ್ಲೇ ತಿನ್ನಿ ಬ್ರದರ್ ಲೋವೆಲ್," ಎಂದಳು ವರ್ನಾ. "ನಮ್ಮನೆಯವ್ರು ಬೆಳಗ್ಗೆಯಿಂದ ಒಂದು ತುತ್ತು ಮುಟ್ಟಿಲ್ಲ. 'ಆ ಮನುಷ್ಯನ ಮುಖ ಹೇಗೆ ನೋಡ್ಲಿ ವರ್ನಾ' ಅಂತ ಒಂದೇ ಸಮ ಓಡಾಡ್ತಿದಾರೆ. ಮಂಡಳಿಯವರನ್ನೆಲ್ಲ ಮತ್ತೆ ಕರೆಸಿದಾರೆ. ನಿನ್ನೆ ಟೈಪ್ ಮಾಡಿಸಿದ ಕಾಗದ ಸಾಲ್ದು ಅಂತ ಈಗ ಇನ್ನೊಂದು ಕಾಗದ ಮಾಡಿಸ್ತಿದಾರೆ."

"ಯಾವ ಕಾಗದ ಸಿಸ್ಟರ್?"

ವರ್ನಾ ಬಾಯಿಗೆ ಕೈ ಅಡ್ಡ ಹಿಡಿದಳು. "ನಾನು ಹೇಳ್ಬಾರದಿತ್ತು. ನಾಲ್ಕಕ್ಕೆ ಗೊತ್ತಾಗುತ್ತೆ. ನೀವು ಮಾತ್ರ ಗಾಬರಿ ಆಗ್ಬೇಡಿ."

ಅನುಮಾನಕ್ಕೆ ಎಡೆಯೇ ಉಳಿಯಲಿಲ್ಲ. ಮುದುಕ ಎಂದು ತೆಗೆದುಹಾಕುವ ಕಾಗದ ನಿನ್ನೆಯದು. ಮುದುಕ ಮತ್ತು ರೋಗಿ ಎಂದು ತೆಗೆದುಹಾಕುವ ಕಾಗದ ಇವತ್ತಿನದು. ಲೋವೆಲ್ ಕೋಟು ಹಾಕಿಕೊಂಡ. ಹೊರಬಾಗಿಲಲ್ಲಿ ಇನ್ನೂ ಇಬ್ಬರು ಹೆಂಗಸರು ಪಾತ್ರೆ ಹಿಡಿದು ಬರುತ್ತಿದ್ದರು. ತಾನೆಷ್ಟು ಗಟ್ಟಿ ಎಂದು ತೋರಿಸಲು ಇದೇ ಸಮಯ ಎಂದುಕೊಂಡು, ಮುಗುಳ್ನಗುತ್ತ, ಮೂರು ಮೆಟ್ಟಿಲುಗಳನ್ನು ಒಂದೇ ನೆಗೆತಕ್ಕೆ ಇಳಿದ.

ಫೆಬ್ರವರಿ ತಿಂಗಳು. ಕೊನೆಯ ಮೆಟ್ಟಿಲ ಕೆಳಗೆ ನೆಲ ಗಾಜಿನಂತೆ ಹೆಪ್ಪುಗಟ್ಟಿತ್ತು. ಲೋವೆಲ್ ಎತ್ತಿನಗಾಡಿಯಿಂದ ಉರುಳಿದ ಮೂಟೆಯಂತೆ ಬಿದ್ದು, ವಾಹನ ನಿಲ್ಲಿಸುವ ಜಾಗದವರೆಗೂ ಜಾರಿಕೊಂಡು ಹೋದ. ಬಲಗಾಲಿನ ಹರಡು ಉಳುಕಿತು.

"ಅಯ್ಯೋ ಪಾಪ, ತಲೆ ಸುತ್ತು," ಎಂದಳು ಒಬ್ಬಳು.

"ಮೊನ್ನೆ ನಮ್ಮ ಚಿಕ್ಕಪ್ಪನಿಗೂ ಹೀಗೇ ಶುರುವಾಗಿದ್ದು," ಎಂದಳು ಇನ್ನೊಬ್ಬಳು. "ಮಂಗಳವಾರ ಬಿದ್ರು, ಶುಕ್ರವಾರ ಮುಗೀತು."

"ಜಾರಿ ಬಿದ್ದೆ ಅಷ್ಟೆ. ನೆಲ ನೋಡಿ, ಮಂಜುಗಡ್ಡೆ ಇದೆ," ಎಂದು ಲೋವೆಲ್ ಕೂತಲ್ಲಿಂದಲೇ ಕೂಗಿದ.

"ಇದೆಯಪ್ಪ, ಇದೆ," ಎಂದಳು ಮೊದಲನೆಯವಳು, ಮಗುವಿಗೆ ಹೇಳುವಂತೆ.

ಕುಂಟುತ್ತ ಕಾರಿಗೆ ಹೋಗಿ, ಕುಂಟುತ್ತ ಡಾಕ್ಟರ್ ಕ್ರಾಮರ್‌ನ ಕ್ಲಿನಿಕ್ಕಿನ ಬಾಗಿಲು ದಾಟುವಾಗ ಎದುರಿನ ಅಂಚೆ ಕಚೇರಿಯ ಕಿಟಕಿಯಲ್ಲಿ ಎರಡು ತಲೆಗಳು ಕಂಡವು. ಎರಡೂ ವಾಂಡಾಳ ಪಟ್ಟಿಯಲ್ಲಿದ್ದವು. ಕಾಯಿಲೆ ಇಲ್ಲ ಎಂದು ಬರೆಸಿಕೊಳ್ಳಲು ಬಂದವನಿಗೂ ಕಾಯಿಲೆಯೆಂದು ಬಂದವನಿಗೂ ಕಿಟಕಿಯಿಂದ ನೋಡುವವರಿಗೆ ವ್ಯತ್ಯಾಸ ತಿಳಿಯುವುದು ಹೇಗೆ?

ಕ್ಲಿನಿಕ್ಕಿನ ಮೇಜಿನ ಹಿಂದಿದ್ದ ನರ್ಸ್ ಅವನನ್ನು ನೋಡಿ ಎದ್ದು ನಿಂತಳು. "ಬೆಳಗ್ಗೆಯಿಂದ ಹತ್ತೊಂಬತ್ತು ಜನ ಫೋನ್ ಮಾಡಿ ನಿಮ್ಮ ವಿಷಯಾನೇ ಕೇಳಿದ್ರು. ನಾನು ಬಿಟ್ಟುಕೊಡ್ಲಿಲ್ಲ ಬಿಡಿ. ರೋಗಿಗಳ ವಿಷಯ ಹೊರಗೆ ಹೇಳೋ ಹಾಗಿಲ್ಲ, ಕಾನೂನಿದೆ, ದಯವಿಟ್ಟು ಅರ್ಥಮಾಡ್ಕೊಳ್ಳಿ ಅಂದೆ."

"ಆರೋಗ್ಯವಾಗಿದಾನೆ ಅನ್ನಬಹುದಿತ್ತಲ್ಲ?"

"ಅದನ್ನೂ ಹೇಳೋ ಹಾಗಿಲ್ಲ."

"ಯಾವ ದನೀಲಿ ಹೇಳಿದ್ರಿ?"

ನರ್ಸ್ ಯೋಚಿಸಿದಳು. "ಎಲ್ಲರೂ ಅಳ್ತಿದ್ರು. ನಾನೂ ಸ್ವಲ್ಪ ಮೆತ್ತಗೇ ಹೇಳ್ದೆ."

ಡಾಕ್ಟರ್ ಕ್ರಾಮರ್‌ಗೆ ಎಪ್ಪತ್ತೊಂದು ವರ್ಷ. ಒಂದು ಕಿವಿ ಮಂದ, ಆದ್ದರಿಂದ ಎಲ್ಲರೊಡನೆಯೂ ಜೋರಾಗಿ ಮಾತಾಡುತ್ತಿದ್ದ. ಹರಡಿಗೆ ಬಟ್ಟೆ ಸುತ್ತಿ, ಎದೆಗೆ ಕೊಳವೆ ಇಟ್ಟು, ರಕ್ತದೊತ್ತಡ ನೋಡಿದ. "ಒತ್ತಡ ಒಂಚೂರು ಜಾಸ್ತಿ ಇದೆ. ಯಾರನ್ನಾದ್ರೂ ನೋಡಿ ಹೆದರ್ಕೊಂಡಿದೀಯಾ?"

"ಎಲ್ಲರನ್ನೂ."

"ಮಿಕ್ಕಿದ್ದೆಲ್ಲ ಎತ್ತಿನ ಹಾಗಿದೆ. ಹೋಗು."

ಲೋವೆಲ್ ಹೋಗಲಿಲ್ಲ. ಆ ಮಾತನ್ನೇ ರೇಡಿಯೋದಲ್ಲಿ ಹೇಳಬೇಕು ಎಂದು ಬೇಡಿಕೊಂಡ. ತನ್ನ ಆರೋಗ್ಯದ ವಿಷಯವನ್ನು ಬಹಿರಂಗಪಡಿಸಲು ಒಪ್ಪಿಗೆ ಇದೆ ಎಂದು ನಾಲ್ಕು ಪುಟಗಳ ಕಾಗದಕ್ಕೆ ಆರು ಕಡೆ ಸಹಿ ಹಾಕಿದ. ಮೂರೂವರೆಗೆ ಫೋನಿನಲ್ಲಿ ಸಿಗುತ್ತೇನೆ ಎಂದು ಡಾಕ್ಟರ್ ಮಾತು ಕೊಟ್ಟ.

ಮಧ್ಯಾಹ್ನ ಮೂರರಿಂದ ಐದರವರೆಗೆ ಹಿಪ್ ಹಾಪ್ ಹೊತ್ತು. ಅದನ್ನು ಕಂಪ್ಯೂಟರೇ ನಡೆಸುತ್ತಿತ್ತು. ಶಾಲೆ ಬಿಟ್ಟು ಮನೆಗೆ ಹೋಗುವ ಮಕ್ಕಳು ಬಸ್ಸಿನಲ್ಲಿ ಕೇಳುತ್ತಿದ್ದರು. ಅವರು ಏನು ಕೇಳುತ್ತಾರೋ ಎಂದು ಅವರ ತಾಯಂದಿರು ಅಡುಗೆಮನೆಯಲ್ಲಿ ಕೇಳುತ್ತಿದ್ದರು. ಮೂರೂವರೆಗೆ ಸರಿಯಾಗಿ ಲೋವೆಲ್ ಒಂದು ರ‍್ಯಾಪನ್ನು ಅರ್ಧದಲ್ಲಿ ನಿಲ್ಲಿಸಿ ಮೈಕಿನ ಮುಂದೆ ಬಾಗಿದ. ಗೋಡೆಯ ಗಡಿಯಾರ ಸೆಕೆಂಡು ಸೆಕೆಂಡಿಗೂ ಕೇಳಿಸುತ್ತಿತ್ತು.

"ಫ್ರೆಂಡ್ಸ್, ನಾನು ಜೀಕ್. ನನಗೆ ಏನೋ ಆಗಿದೆ ಅಂತ ಊರೆಲ್ಲ ಸುದ್ದಿ. ಏನೂ ಆಗಿಲ್ಲ. ನಾನು ಹೇಳಿದ್ರೆ ನೀವು ನಂಬಲ್ಲ, ಅದಕ್ಕೇ ಡಾಕ್ಟರ್ ಕ್ರಾಮರ್ ಲೈನಲ್ಲಿದಾರೆ. ಡಾಕ್ಟರ್, ನನಗೆ ಹಾರ್ಟ್ ಏನಾದ್ರೂ ಇದೆಯಾ?"

"ಹಾರ್ಟ್ ಎಲ್ಲರಿಗೂ ಇರುತ್ತೆ ಲೋವೆಲ್," ಎಂದು ಡಾಕ್ಟರ್ ಗುಡುಗಿದ. "ನಿಂದು ತುಂಬ ಚೆನ್ನಾಗಿದೆ. ಕ್ಯಾನ್ಸರ್ ಇಲ್ಲ, ಸಕ್ಕರೆ ಇಲ್ಲ, ಯಾವ ರೋಗನೂ ಇಲ್ಲ. ಐವತ್ತಾರು ವರ್ಷದವನಿಗೆ ಇಂಥ ಗುಂಡಿಗೆ ಇರೋದನ್ನ ನಾನು ನೋಡೇ ಇಲ್ಲ. ಐವತ್ತಾರು, ಯೋಚನೆ ಮಾಡು."

ರೇಡಿಯೋದಲ್ಲಿ ನಾಲ್ಕು ಸೆಕೆಂಡು ಮೌನ ಎಂದರೆ ಬಹಳ ದೊಡ್ಡ ಮೌನ. ಲೋವೆಲ್ ಏಳು ಸೆಕೆಂಡು ಸುಮ್ಮನಿದ್ದ.

ಆಮೇಲೆ ಟೆಲಿಫೋನಿನ ಆರೂ ದೀಪಗಳು ಒಟ್ಟಿಗೆ ಹೊತ್ತಿಕೊಂಡವು. ಮೊದಲು ಮಕೆನ್ಜಿ.

"ಜೀಕ್, ಐವತ್ತಾರಾ?"

"ಹೌದಮ್ಮ."

"ನಮ್ ತಾತನಿಗೇ ಐವತ್ತೈದು," ಎಂದಳು. "ಹೋಗ್ಲಿ ಬಿಡು. ಬದುಕಿದೀಯಲ್ಲ. ಹುಡುಗ್ರಿಗೆ ರ‍್ಯಾಪ್ ನಿಲ್ಸಕ್ಕೆ ಹೇಳ್ತೀನಿ... ಹೇಳ್ತೀನ್ರಿ."

ಇನ್ನೈದು ದೀಪಗಳಲ್ಲಿ ಇದ್ದವರು ಸರಪಳಿಯ ಹೆಂಗಸರು. ವಯಸ್ಸಿನ ಬಗ್ಗೆ ಅವರಿಗೆ ಆಶ್ಚರ್ಯವಿರಲಿಲ್ಲ. ಅವರೆಲ್ಲ ಲೋವೆಲ್‌ನ ಜೊತೆಯಲ್ಲೇ ಶಾಲೆಗೆ ಹೋದವರು. ಅವರು ಕೇಳಿಸಿಕೊಂಡಿದ್ದು ಬೇರೆಯದನ್ನು. ಬೆಳಗ್ಗೆ ಸಾಯುವಂತಿದ್ದವನಿಗೆ ಮಧ್ಯಾಹ್ನದ ಹೊತ್ತಿಗೆ ಯಾವ ರೋಗವೂ ಇಲ್ಲ ಎಂದು ಡಾಕ್ಟರೇ ಸಾಕ್ಷಿ ನುಡಿದಿದ್ದ. ಎಂಟೇ ಗಂಟೆಯಲ್ಲಿ. ನಲವತ್ತೊಂದು ಜನರ ಪ್ರಾರ್ಥನೆಗೆ.

"ನನಗೆ ಏನೂ ಆಗೇ ಇರ್ಲಿಲ್ಲ," ಎಂದು ಲೋವೆಲ್ ಐದು ಸಲ ಹೇಳಿದ.

"ಅದೇ ತಾನೇ ಪವಾಡ," ಎಂದರು ಐವರೂ, ಬೇರೆಬೇರೆ ಮಾತುಗಳಲ್ಲಿ.

ಆದರೂ ಪರವಾಗಿಲ್ಲ ಎಂದುಕೊಂಡ ಲೋವೆಲ್. ಗುಣವಾಯಿತು ಎಂದುಕೊಳ್ಳಲಿ, ಕಾಯಿಲೆಯೇ ಇರಲಿಲ್ಲ ಎಂದುಕೊಳ್ಳಲಿ. ನಾಲ್ಕು ಗಂಟೆಗೆ ಮಂಡಳಿಯ ಮುಂದೆ ನಿಲ್ಲುವವನು ರೋಗಿಯಲ್ಲ ಎಂಬುದು ಊರಿಗೆ ತಿಳಿಯಿತು. ಬೆಳಗಿನಿಂದ ಮೊದಲ ಬಾರಿಗೆ ಅವನು ಪೂರ್ತಿಯಾಗಿ ಉಸಿರೆಳೆದುಕೊಂಡ. ಟೋಪಿ ಸರಿಮಾಡಿಕೊಂಡು, ಆದಷ್ಟೂ ಕುಂಟದಂತೆ ನಡೆದ.

ಮಂಡಳಿಯ ಕೋಣೆಯಲ್ಲಿ ಮೂವರಿದ್ದರು: ಮರ್ಲ್, ಊರಿನ ಹಲ್ಲಿನ ಡಾಕ್ಟರ್, ನಿವೃತ್ತ ಮುಖ್ಯೋಪಾಧ್ಯಾಯಿನಿ. ಮೇಜಿನ ಮೇಲೆ ಎರಡು ಲಕೋಟೆಗಳಿದ್ದವು. ಲೋವೆಲ್ ಒಳಗೆ ಬಂದೊಡನೆ ಮರ್ಲ್ ಎದ್ದು ಬಂದು ಅವನನ್ನು ಬಿಗಿಯಾಗಿ ಅಪ್ಪಿಕೊಂಡ. ಅವನ ಕೆನ್ನೆ ಒದ್ದೆಯಾಗಿತ್ತು.

"ಕೇಳಿದ್ವಿ ಬ್ರದರ್, ಕೇಳಿದ್ವಿ. ಮೂರು ಜನಾನೂ ಇಲ್ಲೇ ಕೂತು ರೇಡಿಯೋ ಕೇಳಿದ್ವಿ. ದೇವರು ದೊಡ್ಡೋನು."

"ನಾನು ಪೂರ್ತಿ ಆರೋಗ್ಯವಾಗಿದೀನಿ ಮರ್ಲ್," ಎಂದ ಲೋವೆಲ್, ಎದೆ ಉಬ್ಬಿಸಿ. "ನಾಲ್ಕಲ್ಲ, ಎಂಟು ಗಂಟೆ ಬೇಕಾದ್ರೂ ಕಾರ್ಯಕ್ರಮ ಮಾಡಬಲ್ಲೆ."

"ಗೊತ್ತಾಯ್ತು. ಅದನ್ನ ಕೇಳಿ ನಮಗೆಷ್ಟು ನಿರಾಳ ಆಯ್ತು ಅಂತ ನಿಮಗೆ ತಿಳೀದು. ಕೂತ್ಕೊಳ್ಳಿ." ಮರ್ಲ್ ಮೂಗು ಒರೆಸಿಕೊಂಡು ಮೊದಲ ಲಕೋಟೆಯನ್ನು ಮುಟ್ಟಿದ. "ಇದು ನಿನ್ನೆ ಬರೆಸಿದ್ದು. ಕೇಂದ್ರಕ್ಕೆ ಹರೆಯದ ದನಿ ಬೇಕು, ಜ್ಯಾಕ್ಸನ್‌ನ ಸೋಮವಾರದಿಂದ ತಗೊಳ್ಳೋಣ, ನಿಮ್ಮನ್ನ ಗೌರವದಿಂದ ಬೀಳ್ಕೊಡೋಣ ಅಂತ ತೀರ್ಮಾನ ಮಾಡಿದ್ವಿ. ಬೆಳಗ್ಗೆ ಏಳೂ ಇಪ್ಪತ್ತಕ್ಕೆ ನಿಮ್ಮ ಹೇಳದ ಕೋರಿಕೆ ಕೇಳ್ತಿದ್ದ ಹಾಗೇ ನನ್ನ ಕೈಕಾಲು ಬಿದ್ದೋಯ್ತು. ಸಾಯ್ತಿರೋ ಮನುಷ್ಯನ್ನ ಕೆಲಸದಿಂದ ತೆಗೆಯೋದಾ? ದೇವರಿಗೆ ಏನಂತ ಉತ್ತರ ಕೊಡ್ಲಿ?"

ಲೋವೆಲ್ ಎರಡನೆಯ ಲಕೋಟೆಯನ್ನು ನೋಡಿದ.

"ಇದು ಮಧ್ಯಾಹ್ನದ್ದು," ಎಂದ ಮರ್ಲ್. "ಮೂವರೂ ಒಮ್ಮತದಿಂದ ಒಪ್ಪಿದ್ವಿ. ಜ್ಯಾಕ್ಸನ್‌ಗೆ ಬರೋದು ಬೇಡ ಅಂತ ಫೋನ್ ಮಾಡಿ ಹೇಳಿದ್ವಿ. ಬ್ರದರ್ ಲೋವೆಲ್ ಬದುಕಿರೋವರೆಗೂ ಬೆಳಗಿನ ಕಾರ್ಯಕ್ರಮ ಅವರದೇ. ಮಲಗಿಬಿಟ್ರೆ ಮನೆಯಲ್ಲೇ ಮೈಕ್ ಹಾಕಿಸಿಕೊಡೋದು. ಸಂಬಳ ನಿಲ್ಸೋ ಹಾಗಿಲ್ಲ. ನಾನೇ ಸಹಿ ಹಾಕಿದ್ದೆ."

ಲಕೋಟೆ ಕೈಗೆಟುಕುವಷ್ಟು ಹತ್ತಿರದಲ್ಲಿತ್ತು. ಲೋವೆಲ್ ಕೆಮ್ಮಿದ. ಮೊದಲ ಕೆಮ್ಮು ಸರಿಯಾಗಿ ಬರಲಿಲ್ಲ, ಎರಡನೆಯದು ಪರವಾಗಿರಲಿಲ್ಲ.

"ಮರ್ಲ್, ನಿಜ ಹೇಳ್ಬೇಕು ಅಂದ್ರೆ, ಇನ್ನೂ ಪೂರ್ತಿ ಸರಿಹೋಗಿಲ್ಲ. ಒತ್ತಡ ಜಾಸ್ತಿ ಇದೆ. ಡಾಕ್ಟರ್ ಅದನ್ನ ರೇಡಿಯೋದಲ್ಲಿ ಹೇಳ್ಲಿಲ್ಲ. ಕಾಲು ನೋಡಿ, ಹೀಗೆ ಎಳೆಯುತ್ತೆ." ಎದ್ದು ಎರಡು ಹೆಜ್ಜೆ ಕುಂಟಿ ತೋರಿಸಿದ. ಆ ದಿನ ಅವನು ತೋರಿಸಿದ್ದರಲ್ಲಿ ನಿಜವಾಗಿ ನೋಯುತ್ತಿದ್ದದ್ದು ಅದೊಂದೇ.

ಮುಖ್ಯೋಪಾಧ್ಯಾಯಿನಿ ಕನ್ನಡಕದ ಮೇಲಿನಿಂದ ನೋಡಿದಳು. "ಬ್ರದರ್ ಲೋವೆಲ್, ನಂಬಿಕೆ ಕಳ್ಕೋಬೇಡಿ. ಇಡೀ ಊರಿನ ಮುಂದೆ ಗುಣ ಆಯ್ತು ಅಂತ ಸಾಕ್ಷಿ ಹೇಳಿ, ಅರ್ಧ ಗಂಟೆಗೆ ಇಲ್ಲ ಅಂದ್ರೆ ಮಕ್ಕಳು ಏನು ಕಲೀತಾರೆ?"

"ನಾವು ಈ ಎರಡನೇ ಕಾಗದ ಇಟ್ಕೊಂಡ್ರೆ," ಎಂದ ಹಲ್ಲಿನ ಡಾಕ್ಟರ್, "ದೇವರು ಗುಣಪಡಿಸಿದ್ದನ್ನ ನಾವೇ ನಂಬ್ಲಿಲ್ಲ ಅಂತಾಗುತ್ತೆ."

"ಅಲ್ಲದೆ ನಿಮ್ಮ ವಯಸ್ಸು ಈಗ ಎಲ್ಲರಿಗೂ ಗೊತ್ತಾಗಿದೆ," ಎಂದ ಮರ್ಲ್ ಸಂಕೋಚದಿಂದ. ಎರಡನೆಯ ಲಕೋಟೆಯನ್ನು ಎತ್ತಿ, ನಾಲ್ಕು ತುಂಡು ಮಾಡಿ, ಕಸದ ಬುಟ್ಟಿಗೆ ಮೆಲ್ಲಗೆ ಹಾಕಿದ. ಮೊದಲನೆಯದನ್ನು ಲೋವೆಲ್‌ನ ಅಂಗೈಯಲ್ಲಿಟ್ಟು, ಆ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡ. "ಇಷ್ಟು ಒಳ್ಳೇ ಆರೋಗ್ಯ ಇದೆ. ನಿಮಗೆ ಬೇರೆ ಕೆಲಸ ಸಿಗೋದೇನು ಕಷ್ಟ ಅಲ್ಲ. ಪ್ರಾರ್ಥನೆ ಮಾಡೋಣವಾ?"

ನಾಲ್ವರೂ ತಲೆ ಬಾಗಿಸಿದರು. ಲೋವೆಲ್ ಕಣ್ಣು ಮುಚ್ಚದೆ ಕಸದ ಬುಟ್ಟಿಯನ್ನೇ ನೋಡುತ್ತಿದ್ದ.

ಹೊರಗೆ ವಾಂಡಾ ಫ್ರಿಜ್ಜಿನ ಮುಂದೆ ಮಂಡಿಯೂರಿ ಪಾತ್ರೆಗಳನ್ನು ಹೊರಗೆ ತೆಗೆಯುತ್ತಿದ್ದಳು. ಒಟ್ಟು ಹನ್ನೊಂದು. ಒಂದೊಂದನ್ನೂ ತಿರುಗಿಸಿ, ತಳದ ಹೆಸರು ಓದಿ, ಸಾಲಾಗಿ ಇಡುತ್ತಿದ್ದಳು.

"ಎಲ್ಲರೂ ಫೋನ್ ಮಾಡಿದ್ರಪ್ಪ," ಎಂದಳು. "ನೀನು ಹುಷಾರಾದೆಯಲ್ಲ, ಕಷ್ಟದಲ್ಲಿರೋರಿಗೆ ಕೊಡೋಣ ಅಂತ. ವರ್ನಾ ಮಾತ್ರ ಆಲೂಗಡ್ಡೆ ನೀನೇ ಇಟ್ಕೋ ಅಂದ್ಲು, ಅದನ್ನ ಬೇರೆಯವ್ರಿಗೆ ಕೊಟ್ರೆ ಹೆದರ್ಕೋತಾರೆ ಅಂತ..."

ಅವಳು ತಲೆಯೆತ್ತಿ ಅವನ ಮುಖ ನೋಡಿದಳು. ಆಮೇಲೆ ಅವನ ಕೈಯಲ್ಲಿದ್ದ ಲಕೋಟೆ ನೋಡಿದಳು. ತನ್ನ ಕೈಯಲ್ಲಿದ್ದ ನೂಡಲ್ಸಿನ ಪಾತ್ರೆಯನ್ನು ತಿರುಗಿ ಫ್ರಿಜ್ಜಿನೊಳಗೆ ಇಟ್ಟಳು. ಎದ್ದು, ಲಂಗ ಕೊಡವಿಕೊಂಡು, ತನ್ನ ಮೇಜಿನ ಕಡೆಗೆ ನಡೆದಳು.

"ವಾಂಡಾ," ಎಂದ ಲೋವೆಲ್. ಬೆಳಗಿನಿಂದ ಅವನ ಗಂಟಲಲ್ಲಿ ಇಷ್ಟು ಭಯ ಬಂದಿರಲಿಲ್ಲ. ಮೊದಲ ಬಾರಿಗೆ ಅದು ಐವತ್ತಾರು ವರ್ಷದ ದನಿಯಂತೆಯೇ ಕೇಳಿಸಿತು. "ವಾಂಡಾ, ದಮ್ಮಯ್ಯ ಬೇಡ. ಯಾರಿಗೂ ಏನೂ ಹೇಳ್ಬೇಡಿ."

"ಛೆ, ಹೇಳ್ತೀನಾ?" ಎಂದು ವಾಂಡಾ ಗಾಜಿನಡಿಯ ಪಟ್ಟಿಯ ಮೊದಲ ಹೆಸರಿನ ಮೇಲೆ ಬೆರಳಿಟ್ಟು, ಫೋನ್ ಎತ್ತಿಕೊಂಡಳು. "ಹೇಳದ ಕೋರಿಕೆ ಅಂತಷ್ಟೇ ಅಂತೀನಿ."